ಮೊಳೆಯಣ್ಣನ ಎರಡು ಪರದೆ

ಒಂದು ಕಂಪ್ಯೂಟರಿಗೆ ಒಂದೇ ಪರದೆ ಇರುವವರೆಗೆ ಮನುಷ್ಯ ನೆಮ್ಮದಿಯಾಗಿ ಇರ್ತಾನೆ. ಎರಡನೆಯದನ್ನು ಜೋಡಿಸಿ ನೋಡಿ, ಮರುದಿನದಿಂದ ಅಲ್ಲಿ ಏನಾದರೊಂದು ಗಮ್ಮತ್ತು ಆಗದೆ ಇರುವುದಿಲ್ಲ. ಇದನ್ನು ನಾನು ಯಾವ ಪುಸ್ತಕ ಓದಿ ಹೇಳುವುದಲ್ಲ. ಬಿ.ಸಿ. ರೋಡಿನಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹತ್ತು ವರ್ಷ ಕಲಿಸಿದವಳು ನಾನು. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ರಿಪೇರಿ. ಬೆಳ್ತಂಗಡಿಯಿಂದ ಫೋನ್ ಬರಲಿ, ಮೂಡುಬಿದಿರೆಯಿಂದ ಬರಲಿ, ವಯರುಗಳ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದೇ. ಬಾಗಿಲು ತೆರೆದವರು ಮೊದಲು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು, ರಿಪೇರಿಯವ ಎಲ್ಲಿದ್ದಾನೆ ಎಂದು. "ನಾನೇ ರಿಪೇರಿಯವ" ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಸಿಟ್ಟು ಬರುತ್ತಿತ್ತು. ಸಿಟ್ಟು ಅಂದರೆ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

ಎರಡು ಸಾವಿರದ ಎಂಟು, ಒಂಬತ್ತರ ಕಾಲ ಅದು. ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಇರ್ತದಲ್ಲ, ಅದರಲ್ಲಿ ನನಗೆ ಆಗ ಲಿನಕ್ಸ್‌ನ ಹುಚ್ಚು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬರುತ್ತಿದ್ದ ಸಿ.ಡಿ.ಯನ್ನು ಸಿಕ್ಕಿದವರ ಲ್ಯಾಪ್‌ಟಾಪಿಗೆಲ್ಲ ಹಾಕಿ ಬರುತ್ತಿದ್ದೆ. ವೈರಸ್ ಇಲ್ಲ, ಪಿರಿಪಿರಿ ಇಲ್ಲ. ಒಂದೇ ತೊಂದರೆ ಅಂದರೆ ಇನ್ನೊಂದು ಮಾನಿಟರ್ ಜೋಡಿಸುವುದು. ಅದಕ್ಕೆ ಒಂದು ಕಪ್ಪು ಕಿಟಿಕಿ ತೆರೆದು ಉದ್ದದ ಒಂದು ಸಾಲು ಟೈಪ್ ಮಾಡಬೇಕಿತ್ತು. ಯಾವ ಪರದೆ ಯಾವುದರ ಎಡಕ್ಕೆ, ಯಾವುದರ ಬಲಕ್ಕೆ, ಅಥವಾ ಎರಡರಲ್ಲೂ ಒಂದೇ ಕಾಣಬೇಕಾ, ಎಲ್ಲ ಬಿಡಿಸಿ ಹೇಳಬೇಕು. ಒಂದು ಶಬ್ದ ಆಚೆ ಈಚೆ ಆದರೆ ಮುಗಿಯಿತು. ಆ ಸಾಲು ನನಗೆ ಬಾಯಿಪಾಠ ಎಂದು ನನಗೆ ಭಾರಿ ಕೊಬ್ಬು. ಆ ಕೊಬ್ಬು ಇಳಿಸಿದವರು ಅರುವತ್ತು ದಾಟಿದ, ಅಷ್ಟರವರೆಗೆ ಕಂಪ್ಯೂಟರನ್ನು ಬೆರಳಲ್ಲೂ ಮುಟ್ಟದ ಒಬ್ಬರು. ಅವರ ವಿಷಯ ಹೇಳಲಿಕ್ಕೇ ಕೂತದ್ದು. ಆದರೆ ಮೊದಲು ಬೆಳ್ತಂಗಡಿಯ ವಕೀಲರದ್ದು ಒಂದು ಹೇಳಿಬಿಡ್ತೇನೆ, ಇಲ್ಲದಿದ್ದರೆ ಮರೆತುಹೋಗ್ತದೆ.

ವಕೀಲರ ಕಳವು

ವಕೀಲರ ಲ್ಯಾಪ್‌ಟಾಪಿನ ಪಕ್ಕ ಇನ್ನೊಂದು ಮಾನಿಟರ್ ಜೋಡಿಸಿ ಕೊಟ್ಟೆ. "ನೋಡಿ ಸರ್, ಇನ್ನು ಎರಡೂ ಸೇರಿ ಒಂದೇ ಉದ್ದದ ಮೇಜು ಅಂತ ತಿಳ್ಕೊಳ್ಳಿ. ಮೌಸಿನ ಬಾಣ ಇಲ್ಲಿಂದ ಅಲ್ಲಿಗೆ ಹೋಗ್ತದೆ, ಫೈಲೂ ಹೋಗ್ತದೆ" ಎಂದೆ. ಅವರು ಎಲ್ಲ ಗೊತ್ತಾದವರ ಹಾಗೆ ತಲೆ ಆಡಿಸಿದರು. ನಾನು ಬಸ್ಸು ಹತ್ತಿದ ಮೇಲೆ, ಒಬ್ಬನಿಗೆ ಎರಡು ಯಾಕೆ, ಕರೆಂಟ್ ದಂಡ ಎಂದು ಹೊಸ ಮಾನಿಟರಿನ ಗುಂಡಿ ಒತ್ತಿ ಆರಿಸಿದರು. ಅದು ಆರಿದ್ದು ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು ಪಾಪ, ತೆರೆದ ಫೈಲನ್ನೆಲ್ಲ ಆ ಕಪ್ಪು ಪರದೆಗೇ ಕಳಿಸುತ್ತ ಹೋಯಿತು.

ಮರುದಿನ ಫೋನ್. "ಟೀಚರ್, ನನ್ನ ಫೈಲುಗಳನ್ನು ಯಾರೋ ಕದೀತಾ ಇದ್ದಾರೆ. ನನ್ನ ಕಣ್ಣೆದುರೇ!"

"ಕಣ್ಣೆದುರು ಹೇಗೆ ಸರ್?"

"ತೆರೆದದ್ದೆಲ್ಲ ಮಾಯ. ಬಾಣ ಅಂಚಿನವರೆಗೆ ಹೋಗ್ತದೆ, ಮತ್ತೆ ಬರುವುದೇ ಇಲ್ಲ. ನಾನು ಇದನ್ನು ಬಿಡುವವನಲ್ಲ, ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ."

ನಾನು ಪಾಠ ಅರ್ಧಕ್ಕೆ ಬಿಟ್ಟು ಓಡಿದೆ. ಹೋಗಿ ನೋಡುವಾಗ ವಕೀಲರು ಎರಡೂ ಕೈ ತಲೆಗೆ ಕೊಟ್ಟು ಕೂತಿದ್ದಾರೆ. "ಕಂಪ್ಲೇಂಟ್ ಬರೆದಿರಾ ಸರ್?" ಎಂದು ಹೆದರಿ ಹೆದರಿ ಕೇಳಿದೆ.

"ಇದರಲ್ಲೇ ಬರೆದೆ ಟೀಚರ್" ಎಂದರು ವಕೀಲರು. "ಬರೆದು ಮುಚ್ಚಿಟ್ಟೆ. ಓದುವ ಅಂತ ಪುನಃ ತೆರೆದೆ. ಅದನ್ನೂ ಕದ್ದರು!"

ಮೊಳೆಯಣ್ಣ

ಇನ್ನು ಮೂಡುಬಿದಿರೆ. ಅಲ್ಲಿ ಒಂದು ಹಳೆ ಪ್ರಿಂಟಿಂಗ್ ಪ್ರೆಸ್. ನಡೆಸುವವರು ಒಬ್ಬರು ಬ್ಯಾರಿ ಮುಸಲ್ಮಾನರು, ಊರಿಗೆಲ್ಲ ಹಾಜಿಯವರು. ಒಂದು ದಿನ ಅವರ ಫೋನ್ ಬಂತು. "ಟೀಚರ್, ಗಲ್ಫಿನಿಂದ ನನ್ನ ಅಣ್ಣ ಒಂದು ಲ್ಯಾಪ್‌ಟಾಪ್ ಕಳಿಸಿದ್ದಾನೆ. ನಮ್ಮ ಮೊಳೆಯಣ್ಣನಿಗೆ ಸ್ವಲ್ಪ ಕಲಿಸ್ಬೇಕಿತ್ತಲ್ಲ."

ಮೊಳೆ ಅಂದ ಕೂಡಲೇ ಬಡಗಿ ಎಂದು ನನ್ನ ಲೆಕ್ಕ. ಬಡಗಿಗೆ ಎಂಥದಕ್ಕಪ್ಪ ಲ್ಯಾಪ್‌ಟಾಪ್ ಎಂದು ಬಸ್ಸು ಸಿದ್ದಕಟ್ಟೆ ದಾಟುವವರೆಗೂ ಯೋಚನೆ ಮಾಡುತ್ತ ಹೋದೆ. ಹೋಗಿ ನೋಡಿದರೆ ಅದು ಅಚ್ಚಿನ ಮೊಳೆ. ಕಿಟಿಕಿಯ ಬದಿ ಒಂದು ಕುರ್ಚಿ, ಅದರಲ್ಲಿ ಬಿಳಿ ಪಂಚೆ ಉಟ್ಟು, ದಪ್ಪ ಕನ್ನಡಕ ಹಾಕಿದ ಒಬ್ಬರು. ಎದುರು ನೂರಾರು ಸಣ್ಣ ಖಾನೆಗಳ ಮರದ ಹಲಗೆ, ಖಾನೆ ತುಂಬ ಸೀಸದ ಅಕ್ಷರಗಳು. ನನ್ನ ಹತ್ತಿರ "ಬನ್ನಿ ಟೀಚರ್, ಬಸ್ಸಿನಲ್ಲಿ ರಶ್ಶಾ?" ಎಂದು ಕೇಳುತ್ತಲೇ, ಹಲಗೆಯ ಕಡೆ ನೋಡದೆಯೇ, ಅವರ ಬೆರಳು ಮೊಳೆ ಹೆಕ್ಕಿ ಹೆಕ್ಕಿ ಒಂದು ಸಾಲು ಜೋಡಿಸಿ ಮುಗಿಸಿತು. ನಲವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕೆಲಸ. ನಾನು ಕೀಬೋರ್ಡ್ ನೋಡದೆ ಟೈಪ್ ಮಾಡ್ತೇನೆ ಎಂದು ಮಕ್ಕಳೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದವಳು. ಆ ಜಂಬ ಅಲ್ಲಿ ಇಳಿಯಿತು.

ಒಂದು ಮೊಳೆ ಕೈಯಲ್ಲಿ ಹಿಡಿದು ನೋಡಿದೆ. ಯಾವ ಅಕ್ಷರ ಎಂದೇ ಗೊತ್ತಾಗಲಿಲ್ಲ. ಮೊಳೆಯಲ್ಲಿ ಅಕ್ಷರ ತಿರುಗಿ ಇರ್ತದೆ, ಕಾಗದಕ್ಕೆ ಒತ್ತಿದ ಮೇಲೆ ನೇರ ಬೀಳುವುದು. ಆಚೆ ಹಿಡಿದೆ, ಈಚೆ ಹಿಡಿದೆ.

"ಮೊಳೆ ತಿರುಗಿಸ್ಬೇಡಿ ಟೀಚರ್" ಎಂದರು ಮೊಳೆಯಣ್ಣ. "ಮಂಡೆ ತಿರುಗಿಸಿ."

ಹಾಜಿಯವರು ನನ್ನನ್ನು ಹೊರಗೆ ಕರೆದು ದನಿ ಇಳಿಸಿ ವಿಷಯ ಹೇಳಿದರು. ಪ್ರೆಸ್ಸಿನಲ್ಲಿ ಅರ್ಧ ಪಾಲು ಗಲ್ಫಿನ ಅಣ್ಣನದ್ದು. ತಿಂಗಳು ಕಳೆದು ಮಗಳ ಮದುವೆಗೆ ಅವರು ಊರಿಗೆ ಬರುವವರಿದ್ದಾರೆ. ಬಂದವರು ಮೊಳೆಗಳನ್ನೆಲ್ಲ ಗುಜರಿಗೆ ಕೊಡುವುದು, ಇನ್ನು ಎಲ್ಲ ಕಂಪ್ಯೂಟರಿನಲ್ಲೇ, ಕಂಪ್ಯೂಟರ್ ಬಾರದವರು ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ.

"ತಂದೆಯ ಕಾಲದಿಂದ ಇರುವ ಜನ ಟೀಚರ್. ನನಗೆ ಅ ಆ ಇ ಈ ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಆ ಕುರ್ಚಿಯ ಬುಡದಲ್ಲಿ ಕೂರಿಸಿ ಆ ಮೊಳೆಗಳಲ್ಲಿ ಕಲಿಸಿದ್ದು ಅವರು. ಅವರ ಮುಖ ನೋಡಿ ನಾಳೆಯಿಂದ ಬರ್ಬೇಡಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಟೈಪಿಂಗ್ ನಾನು ಮಾಡ್ತೇನೆ. ಅವರು ಕಂಪ್ಯೂಟರಿನಲ್ಲಿ ನೋಡಿ ತಪ್ಪು ಹೆಕ್ಕಿದರೆ ಸಾಕು. ಅಷ್ಟು ಬಂದರೆ ಅಣ್ಣನ ಹತ್ತಿರ ನಾನು ಮಾತಾಡ್ತೇನೆ. ಅಷ್ಟು ಮಾಡಿ ಕೊಡಿ."

ಆಗಲಿ ಎಂದು ಲ್ಯಾಪ್‌ಟಾಪ್ ತೆರೆದರೆ ಅದರಲ್ಲಿ ಎಲ್ಲವೂ ಅರಬ್ಬಿ. "ಹಾಜಿಯವರೇ, ನಿಮಗೆ ಅರಬ್ಬಿ ಓದ್ಲಿಕ್ಕೆ ಬರ್ತದಲ್ಲ?" ಎಂದು ಕೇಳಿದೆ.

"ಓದ್ಲಿಕ್ಕೆ ಚಂದ ಬರ್ತದೆ ಟೀಚರ್. ಆದರೆ ಡಿಲೀಟ್ ಯಾವುದು ಅಂತ ನಮ್ಮ ಮದರಸದ ಉಸ್ತಾದರು ಹೇಳಿಕೊಡಲಿಲ್ಲ."

ಮೂಡಕ್ಕೆ, ಇನ್ನೂ ಮೂಡಕ್ಕೆ

ಅರಬ್ಬಿ ತೆಗೆದು ಲಿನಕ್ಸ್ ಹಾಕಿದೆ. ಮೊಳೆಯಣ್ಣನಿಗೆ ಒಂದು ಕಣ್ಣಿನ ಪೊರೆ ತೆಗೆದಿತ್ತು. ಲ್ಯಾಪ್‌ಟಾಪಿನ ಸಣ್ಣ ಅಕ್ಷರ ಕಾಣುವುದಿಲ್ಲ ಎಂದರು. ಮುಚ್ಚಿದ ಒಂದು ಸೈಬರ್ ಕೆಫೆಯಿಂದ ಹಂಡೆಯಷ್ಟು ದೊಡ್ಡ ಹಳೆ ಮಾನಿಟರ್ ತರಿಸಿದೆವು. ಇನ್ನು ಅದನ್ನು ಇಡುವುದೆಲ್ಲಿ? ಮೊಳೆಯಣ್ಣ ಕಿಟಿಕಿಯ ಬದಿಯ ಕುರ್ಚಿ ಬಿಟ್ಟು ಏಳುವವರಲ್ಲ. ಬೆಳಕು ಅಲ್ಲೇ ಸರಿಯಂತೆ. ಹಾಜಿಯವರು ಕೂರುವುದು ಮೇಜಿನ ಆಚೆ ಬದಿ, ಪ್ಲಗ್ಗು ಇರುವಲ್ಲಿ. ಹಾಗೆ ಇಬ್ಬರೂ ಎದುರುಬದುರು. ಲ್ಯಾಪ್‌ಟಾಪ್ ಹಾಜಿಯವರ ಕಡೆ ಮುಖ ಮಾಡಿತು, ಮಾನಿಟರ್ ಮೊಳೆಯಣ್ಣನ ಕಡೆ.

ನಾನು ವಕೀಲರಿಗೆ ಮಾಡಿಕೊಟ್ಟ ಹಾಗೆಯೇ ಇಲ್ಲಿಯೂ ಎರಡೂ ಸೇರಿ ಒಂದೇ ಮೇಜು ಮಾಡಿಕೊಟ್ಟೆ. ಅದೇ ಪೆದ್ದು ಕೆಲಸ. ಹಾಜಿಯವರು ಟೈಪ್ ಮಾಡಿದ್ದನ್ನು ಮೊಳೆಯಣ್ಣನ ಪರದೆಗೆ ತಳ್ಳಿದರೆ ಅದು ಮೊಳೆಯಣ್ಣನಿಗೆ ಮಾತ್ರ ಕಾಣ್ತದೆ, ಹಾಜಿಯವರಿಗೆ ಮಾನಿಟರಿನ ಬೆನ್ನು ಮಾತ್ರ. ಮೌಸ್ ಇರುವುದು ಹಾಜಿಯವರ ಕೈಯಲ್ಲಿ. ಹಾಗಾಗಿ ಮೊಳೆಯಣ್ಣ ದಾರಿ ಹೇಳಬೇಕು, ಹಾಜಿಯವರು ಕುರುಡಾಗಿ ಬಾಣ ಓಡಿಸಬೇಕು.

ನಮ್ಮ ಕಡೆ ದಾರಿ ಹೇಳುವುದು ಹೇಗೆ? ಎಡ ಬಲ ಎಂದು ಯಾರು ಹೇಳ್ತಾರೆ? ಊಟಕ್ಕೆ ಕೂತವನ ಎಲೆಯನ್ನೂ "ಸ್ವಲ್ಪ ಮೂಡಕ್ಕೆ ಸರಿಸಿ" ಎಂದು ಹೇಳುವ ಜನ ನಾವು. ಮೂಡು ಅಂದರೆ ಪೂರ್ವ, ಪಡು ಅಂದರೆ ಪಶ್ಚಿಮ.

"ಹಾಜಿಯವರೇ, ಮೂರನೇ ಸಾಲು. ಸ್ವಲ್ಪ ಮೂಡಕ್ಕೆ ಬನ್ನಿ" ಎಂದರು ಮೊಳೆಯಣ್ಣ. ಹಾಜಿಯವರು ಮೌಸನ್ನು ಮೂಡಕ್ಕೆ ಎಳೆದರು. ಬಾಣ ಪಡುವಿಗೆ ಓಡಿತು.

"ಮೂಡಕ್ಕೆ ಅಂದೆ."

"ಮೂಡಕ್ಕೇ ತಂದೆ ಮಾರಾಯ್ರೇ!"

"ಎಲ್ಲಿ ಮೂಡು? ಪಡುವಿಗೆ ಹೋಗ್ತಾ ಉಂಟು!"

"ಸೂರ್ಯ ಹುಟ್ಟುವುದು ಅಲ್ಲಿಂದ ಅಲ್ಲವಾ? ಕೈ ಅಲ್ಲಿಗೇ ಹೋಗಿದೆ, ನೋಡಿ!"

ಎದುರುಬದುರು ಕೂತರೆ ಹಾಗೆಯೇ ಆಗುವುದು. ಇವರ ಕೈ ಮೂಡಕ್ಕೆ ಹೋದರೆ ಅವರ ಪರದೆಯ ಬಾಣ ಪಡುವಿಗೆ ಹೋಗ್ತದೆ. "ಎಡ ಬಲ ಅಂತ ಹೇಳಿ, ಸರಿಯಾಗ್ತದೆ" ಎಂದೆ. "ಯಾರ ಎಡ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ನನಗೆ ಮಂಡೆ ಬಿಸಿಯಾಗಿ ಎದ್ದು ಹೋಗುವ ಎನ್ನುವಷ್ಟರಲ್ಲಿ ಮೊಳೆಯಣ್ಣನೇ ದಾರಿ ಕಂಡುಹಿಡಿದರು. "ಬೇಡ ಟೀಚರ್. ನಾನು ಮೂಡು ಅಂತ ಹೇಳ್ತೇನೆ, ಹಾಜಿಯವರು ಪಡುವಿಗೆ ಹೋಗ್ಲಿ." ಅಷ್ಟೇ. ಅರ್ಧ ಗಂಟೆಯಲ್ಲಿ ಇಬ್ಬರಿಗೂ ಕೈ ಕೂತಿತು. "ಮೂಡಕ್ಕೆ, ಇನ್ನೂ ಮೂಡಕ್ಕೆ, ಹಾಂ, ಅಲ್ಲೇ, ಅಲ್ಲೇ" ಎಂದು ಕೆಲಸ ಓಡತೊಡಗಿತು. ನಾನು ಇಂಗ್ಲಿಷಿನಲ್ಲಿ ಓದಿ ಕಲಿತದ್ದೆಲ್ಲ ಅಲ್ಲಿ ಏನೂ ಬರ್ಕತ್ತಿಲ್ಲದೆ ಹೋಯಿತು.

ಅದೇ ಹೊತ್ತಿಗೆ ಬಿಲ್ ಪುಸ್ತಕ ಮಾಡಿಸಲಿಕ್ಕೆ ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಒಳಗೆ ಬಂದವರೇ ಮೇಜಿನ ಅಡಿಗೆ ಬಗ್ಗಿ ನೋಡಿ ಕೇಳಿದರು: "ಪ್ರೆಸ್ಸಿನ ಒಳಗೇ ಬೋರ್‌ವೆಲ್ ತೆಗೀತೀರಾ ಹಾಜಿಯವರೇ? ನೀರು ಸಿಕ್ಕಿತಾ?"

ಕನ್ನಡಿ ಮಾಡಿ

ಆದರೂ ನನಗೆ ಸಮಾಧಾನವಿಲ್ಲ. ಎರಡು ಪರದೆಯಲ್ಲೂ ಒಂದೇ ಕಂಡರೆ ಹಾಜಿಯವರು ಕುರುಡಾಗಿ ಓಡಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಮಿರರ್ ಎನ್ನುತ್ತಾರೆ. ಮೆನುವಿನಲ್ಲೇ ಆ ಹೆಸರಿನ ಒಂದು ಚೌಕ ಉಂಟು, ಅದಕ್ಕೆ ಗುರುತು ಹಾಕಿದರೆ ಆಯಿತು. ಬಿ.ಸಿ. ರೋಡಿನಿಂದ ಫೋನ್ ಮಾಡಿ ಹೇಳಿದೆ. ನಮ್ಮ ರಸ್ತೆಯಲ್ಲಿ ಲಾರಿಗಳ ಗಲಾಟೆ, ಅವರ ಕಡೆ ಮಿಷನ್ನಿನ ಸದ್ದು.

"ಹಾಜಿಯವರೇ, ಕನ್ನಡಿ ಮಾಡಿ!"

"ಎಂಥದು?"

"ಕನ್ನಡಿ! ಕನ್ನಡಿ ಮಾಡಿ! ಮೆನುವಿನಲ್ಲಿ ಉಂಟು!"

"ಹೋ, ಉಂಟು ಉಂಟು, ಕಾಣ್ತಾ ಉಂಟು. ಮಾಡಿದೆ."

ನಾನು ಫೋನ್ ಇಟ್ಟು ಚಾ ಕುಡಿದೆ. ಮರುದಿನ ಬೆಳಿಗ್ಗೆ ಹಾಜಿಯವರದ್ದೇ ಫೋನ್: "ಟೀಚರ್, ಎಲ್ಲ ಕನ್ನಡ ಆಯ್ತು. ಆದರೆ ಮೊಳೆಯಣ್ಣನ ಪರದೆಯಲ್ಲಿ ಏನೂ ಬದಲಾಗಲಿಲ್ಲ."

ದೇವರೇ! ಓಡಿ ಹೋಗಿ ನೋಡಿದರೆ ಲಿನಕ್ಸ್ ಇಡೀ ಕನ್ನಡವಾಗಿ ಕೂತಿದೆ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಕನ್ನಡದಲ್ಲಿ ನನಗೆ ನೂರಕ್ಕೆ ತೊಂಬತ್ತರ ಮೇಲೆ. ಅಲ್ಲಿ ನನಗೆ ಒಂದೂ ಅರ್ಥವಾಗಲಿಲ್ಲ. 'ತೆರೆ' ಎಂದಿದ್ದರೆ ಅದು ಓಪನ್ನೋ ಪರದೆಯೋ ಸಮುದ್ರದ ಅಲೆಯೋ ಗೊತ್ತಾಗುವುದು ಹೇಗೆ? ಎಲ್ಲಿ ಒತ್ತಿದರೂ ಇನ್ನೆಲ್ಲಿಗೋ ಹೋಗುತ್ತದೆ. ಹಾಜಿಯವರು ಬೇರೆ ಬೇಸರದಲ್ಲಿದ್ದರು. "ಇಲ್ಲಿ ನೋಡಿ, 'ಸಂಪಾದನೆ' ಅಂತ ಒಂದು ಉಂಟು. ನಿನ್ನೆಯಿಂದ ಎಂಟು ಸಲ ಒತ್ತಿದೆ. ಒಂದು ಪೈಸೆ ಬರಲಿಲ್ಲ." ಅದು ಎಡಿಟ್ ಎಂದು ಬಿಡಿಸಿ ಹೇಳಬೇಕಾದರೆ ನನಗೆ ಸಾಕಾಯಿತು.

ದೊಡ್ಡದಾಗಿ ಕಂಡರೆ ಅರ್ಥವಾದೀತೋ ಎಂದು ಆ ಮೆನುವನ್ನು ಆಚೆಯ ಮಾನಿಟರಿಗೆ ತಳ್ಳಿ ನೋಡಿದೆ. ಇದನ್ನೆಲ್ಲ ನೋಡುತ್ತಿದ್ದ ಮೊಳೆಯಣ್ಣ ಮೆಲ್ಲ ಕುರ್ಚಿಯನ್ನು ಮಾನಿಟರಿನ ಹತ್ತಿರ ಎಳೆದರು. ಅಲ್ಲಿಯವರೆಗೆ ಅದನ್ನು ಕಚ್ಚುವ ನಾಯಿಯ ಹಾಗೆ ದೂರದಿಂದಲೇ ನೋಡುತ್ತಿದ್ದವರು. "ಇದು ನಮ್ಮ ಅಕ್ಷರ ಅಲ್ಲವಾ ಟೀಚರ್! ಮೊದಲೇ ಹೇಳುವುದಲ್ಲವಾ? ನಾನು ಎಲ್ಲ ಇಂಗ್ಲಿಷ್ ಅಂತ ಹೆದರಿ ಕೂತಿದ್ದೆ." ಆಮೇಲೆ ಅವರು ಮೆನುವನ್ನು ಮೇಲಿನಿಂದ ಕೆಳಗೆ ಓದಿದರು. ನಿಧಾನಕ್ಕೆ, ಒಂದೂ ಬಿಡದೆ. ಓದುತ್ತ ಓದುತ್ತ ಎರಡೂ ಪರದೆಗೆ ಒಂದೇ ಚಿತ್ರ ತರುವ ಆ ಚೌಕ ಎಲ್ಲಿದೆ ಎಂದು ಅವರೇ ತೋರಿಸಿದರು. ನಾನು ಗುರುತು ಹಾಕಿದೆ, ಎರಡೂ ಪರದೆ ಒಂದೇ ಆಯಿತು. ಹತ್ತು ವರ್ಷ ಕಲಿಸಿದವಳಿಗೆ ಸಿಕ್ಕದೇ ಹೋದದ್ದು ಹತ್ತು ನಿಮಿಷ ಓದಿದವರಿಗೆ ಸಿಕ್ಕಿತು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಇನ್ನು ಕನ್ನಡವೇ ಇರಲಿ" ಎಂದೆ. "ಎಲ್ಲ ಸರಿ ಉಂಟಲ್ಲ?"

"ಉಂಟು" ಎಂದರು ಮೊಳೆಯಣ್ಣ, ಕನ್ನಡಕ ತೆಗೆದು ಒರೆಸುತ್ತ. "ಆರು ಕಡೆ ಅಕ್ಷರ ತಪ್ಪುಂಟು. ಇದನ್ನು ಮಾಡಿದವರು ಮೊದಲೇ ಪ್ರೂಫ್ ಕಳಿಸಿದ್ದರೆ ನಾನು ಇಲ್ಲಿಂದಲೇ ನೋಡಿ ಕೊಡ್ತಿದ್ದೆ."

ಅದನ್ನು ಕುಶಾಲಿಗೆ ಹೇಳಿದ್ದಲ್ಲ. ಆರನ್ನೂ ಒಂದು ಚೀಟಿಯಲ್ಲಿ ಬರೆದೇ ಕೊಟ್ಟರು. ನಾನು ಅದನ್ನು ಕನ್ನಡ ಮಾಡಿದವರಿಗೆ ಇಮೇಲ್‌ನಲ್ಲಿ ಕಳಿಸಿದೆ. ಅವರು ಮೊಳೆಯಣ್ಣನನ್ನು ಯಾವುದೋ ಕಾಲೇಜಿನ ಪ್ರೊಫೆಸರ್ ಎಂದು ತಿಳಿದು ಉತ್ತರ ಬರೆದರು.

ಕೋಳಿಮೊಟ್ಟೆ

ಇದು ಸಣ್ಣದು. ಒಂದು ವಾರ ಕಳೆದು ಹೋದಾಗ ಮೊಳೆಯಣ್ಣ ಒಂದು ಸ್ಕೇಲು ಹಿಡಿದು ಮಾನಿಟರಿನ ಗಾಜು ಅಳೆಯುತ್ತಿದ್ದರು. "ಟೀಚರ್, ಸೊನ್ನೆ ದುಂಡಗಿಲ್ಲ. ಕೋಳಿಮೊಟ್ಟೆ ಆಗಿದೆ."

ನನಗೆ ಏನೂ ಕಾಣಲಿಲ್ಲ. "ನಿಮ್ಮ ಕಣ್ಣಿಗೆ ಹಾಗೆ ಕಾಣುವುದು ಅಣ್ಣ, ಆಪರೇಷನ್ ಆದ ಕಣ್ಣಲ್ಲವಾ" ಎಂದು ಬಿಟ್ಟೆ. ಅವರು ಸ್ಕೇಲು ನನ್ನ ಕೈಗೆ ಕೊಟ್ಟರು. ಅಳೆದೆ. ಅಡ್ಡಕ್ಕಿಂತ ಉದ್ದ ಒಂದು ಕೂದಲಿನಷ್ಟು ಹೆಚ್ಚು! ಸೈಬರ್ ಕೆಫೆಯಲ್ಲಿ ಯಾರೋ ಮಾನಿಟರಿನ ಗುಂಡಿ ಒತ್ತಿ ಚಿತ್ರವನ್ನು ಮೇಲೆ ಕೆಳಗೆ ಎಳೆದಿಟ್ಟಿದ್ದರು. ಅದೇ ಮಾನಿಟರಿನ ಎದುರು ಆ ಕೆಫೆಯಲ್ಲಿ ಎಷ್ಟು ಸಾವಿರ ಜನ ಕೂತು ಎದ್ದು ಹೋಗಿರಬಹುದು, ಒಬ್ಬನೂ ಸೊನ್ನೆ ನೋಡಿರಲಿಲ್ಲ. ಗುಂಡಿ ಒತ್ತಿ ಸರಿ ಮಾಡಿದೆ. ಕಣ್ಣಿನ ವಿಷಯ ತೆಗೆದದ್ದಕ್ಕೆ ತಪ್ಪಾಯಿತು ಎಂದೆ.

"ತಪ್ಪೇನು ಟೀಚರ್" ಎಂದರು. "ಎರಡು ಕಣ್ಣೂ ಸರಿ ಇರುವಾಗ ನನಗೂ ಇಷ್ಟು ಕಾಣ್ತಿರಲಿಲ್ಲ."

ಮಗಳ ಕಾಗದ

ಕಡೆಗೆ ಗಲ್ಫಿನ ಅಣ್ಣ ಬಂದರು. ಆ ದಿನ ಹಾಜಿಯವರು ನನ್ನನ್ನೂ ಕರೆಸಿದ್ದರು. ಬಿಳಿ ಶರ್ಟು, ದೊಡ್ಡ ವಾಚು, ಸೆಂಟಿನ ಪರಿಮಳಕ್ಕೆ ಶಾಯಿಯ ವಾಸನೆ ಓಡಿಹೋಯಿತು. ಕೆಟ್ಟ ಮನುಷ್ಯರಲ್ಲ. ಎಲ್ಲದಕ್ಕೂ ಅವಸರ, ಅಷ್ಟೇ. ಮೂಲೆಯ ಮೊಳೆ ಹಲಗೆಗಳನ್ನು ನೋಡಿ, "ಗುಜರಿಯವ ನಾಡಿದ್ದು ಬರ್ತಾನಲ್ಲ?" ಎಂದು ಕೇಳಿದರು. ಹಾಜಿಯವರು ನೆಲ ನೋಡಿದರು. ಮೊಳೆಯಣ್ಣ ಕಿಟಿಕಿಯ ಹೊರಗೆ ನೋಡಿದರು. ಅವತ್ತು ಅವರು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದರು.

ಅಚ್ಚಾಗಬೇಕಾದದ್ದು ಅಣ್ಣನ ಮಗಳ ಮದುವೆ ಕಾಗದ. ಸಾವಿರ ಪ್ರತಿ, ಆ ದಿನವೇ ಆಗಬೇಕು. ಹಾಜಿಯವರು ಬೆಳಿಗ್ಗೆ ಒಂದೇ ಬೆರಳಲ್ಲಿ ಟೈಪ್ ಮಾಡಿ ಮುಗಿಸಿದ್ದರು. ಅಣ್ಣ ಲ್ಯಾಪ್‌ಟಾಪಿನಲ್ಲಿ ಓದಿ ಸರಿ ಎಂದರು. ಹಾಜಿಯವರು ಓದಿದರು. ನನಗೂ ತೋರಿಸಿದರು, ನಾನೂ ಓದಿ ಸರಿ ಎಂದೆ.

"ಮೂರು ಜನ ನೋಡಿ ಆಯ್ತು. ಇನ್ನು ಇವರಿಗೆ ಇಲ್ಲಿ ಕೆಲಸ ಏನುಂಟು?" ಎಂದರು ಅಣ್ಣ.

"ಒಮ್ಮೆ ಅವರೂ ನೋಡ್ಲಿ ಅಣ್ಣಾ" ಎಂದರು ಹಾಜಿಯವರು.

"ಆಗಲಿ, ಬೇಗ. ಇದೆಂಥದು?" ಎನ್ನುತ್ತ ಅಣ್ಣ ಲ್ಯಾಪ್‌ಟಾಪಿನ ಒಂದು ದುಂಡು ಗುಂಡಿ ಒತ್ತಿದರು. ಅದು ಆರಿಸುವ ಗುಂಡಿ. ಎಲ್ಲ ಕಪ್ಪಾಯಿತು. ಪುನಃ ಹೊತ್ತಿಸಿದಾಗ ಲ್ಯಾಪ್‌ಟಾಪಿನಲ್ಲಿ ಕಾಗದ ಬಂತು, ಮೊಳೆಯಣ್ಣನ ಮಾನಿಟರಿನಲ್ಲಿ ಏನೂ ಬರಲಿಲ್ಲ. ಆ ಕಾಲದ ಲಿನಕ್ಸ್ ಹಾಗೆಯೇ, ಒಮ್ಮೊಮ್ಮೆ ಆರಿಸಿದರೆ ಹಳೆಯದೆಲ್ಲ ಮರೆತುಬಿಡುತ್ತಿತ್ತು. ಮೆನು ಹುಡುಕುತ್ತ ಕೂರುವಷ್ಟು ತಾಳ್ಮೆ ಅಣ್ಣನಿಗಿಲ್ಲ, ಅವರು ವಾಚು ನೋಡುತ್ತಿದ್ದಾರೆ. ನನಗೆ ಸಾಲು ಬಾಯಿಪಾಠ ಉಂಟಲ್ಲ! ಕಪ್ಪು ಕಿಟಿಕಿ ತೆರೆದು ಟಕಟಕ ಹೊಡೆದೆ. 'ಸೇಮ್ ಆಸ್' ಎಂದು ಬರೆದರೆ ಸಾಕಿತ್ತು. ನನ್ನ ಮಂಡೆಯಲ್ಲಿ ಹದಿನೈದು ದಿನದಿಂದ ಕನ್ನಡಿ, ಕನ್ನಡಿ ಎಂದೇ ಕೂತಿತ್ತಲ್ಲ, ಆ ಗಡಿಬಿಡಿಗೆ ಅದರ ಜೊತೆ 'ರಿಫ್ಲೆಕ್ಟ್' ಎಂದೂ ಸೇರಿಸಿ ಒತ್ತಿಬಿಟ್ಟೆ.

ದೊಡ್ಡ ಪರದೆ ಬೆಳಗಿತು. ಅದರಲ್ಲಿ ಅಕ್ಷರಗಳೆಲ್ಲ ತಿರುಗಿ ನಿಂತಿವೆ. ನಿಜವಾದ ಕನ್ನಡಿಯಲ್ಲಿ ಕಂಡ ಹಾಗೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ!

"ಇದೇನು ಟೀಚರ್" ಎಂದರು ಅಣ್ಣ. "ಅರಬ್ಬಿ ತೆಗೆದಿದ್ದೀರಿ ಅಂತ ಹೇಳಿದರು. ಕನ್ನಡವೂ ಬಲದಿಂದ ಎಡಕ್ಕೇ ಹೋಗ್ತಾ ಉಂಟಲ್ಲ?"

ನನ್ನ ಒಂದು ಶಬ್ದದಿಂದ ಇವರ ನಲವತ್ತು ವರ್ಷದ ಕುರ್ಚಿ ಹೋಯಿತಲ್ಲ ಎಂದು ಅಳುವೇ ಬಂತು. ಅಳಿಸಲಿಕ್ಕೆ ಕೈ ಚಾಚಿದೆ.

"ಟೀಚರ್, ಮುಟ್ಬೇಡಿ. ಇರಲಿ" ಎಂದರು ಮೊಳೆಯಣ್ಣ.

ಕುರ್ಚಿ ಎಳೆದು ಕೂತರು. ಒಮ್ಮೆ ಇಡೀ ಪರದೆಯನ್ನು ನೋಡಿದರು. ಆಮೇಲೆ ಓದತೊಡಗಿದರು, ದೊಡ್ಡ ದನಿಯಲ್ಲಿ, ಎಲ್ಲೂ ತಡವರಿಸದೆ, ನಾವು ನೇರ ಅಕ್ಷರ ಓದುವುದಕ್ಕಿಂತ ಸಲೀಸಾಗಿ. ಅಣ್ಣ ಎದ್ದು ಅವರ ಬೆನ್ನ ಹಿಂದೆ ಹೋಗಿ ನಿಂತರು. ನಾಲ್ಕನೇ ಸಾಲಿಗೆ ಬಂದವರು ನಿಲ್ಲಿಸಿದರು.

"ಹಾಜಿಯವರೇ, ಬಾಣ ಮೂಡಕ್ಕೆ ತನ್ನಿ."

ಹಾಜಿಯವರು ಅಭ್ಯಾಸಬಲದಿಂದ ಮೌಸನ್ನು ಪಡುವಿಗೆ ಎಳೆದರು. ಬಾಣ ಪಡುವಿಗೇ ಹೋಯಿತು!

"ಇವತ್ತು ಮೂಡು ಅಂದರೆ ಮೂಡೇ" ಎಂದರು ಮೊಳೆಯಣ್ಣ. ಹೌದಲ್ಲ! ಪರದೆ ತಿರುಗಿದ ಕಾರಣ ದಿಕ್ಕೂ ಸರಿಯಾಗಿತ್ತು. ಹಾಜಿಯವರು ಮೂಡಕ್ಕೆ ಎಳೆದರು, ಬಾಣ ಮೂಡಕ್ಕೆ ಬಂದು ಒಂದು ಶಬ್ದದ ಮೇಲೆ ನಿಂತಿತು. "ಅದನ್ನು ಓದಿ."

"ವಿವಾಹ" ಎಂದರು ಹಾಜಿಯವರು.

"ಒಂದೊಂದೇ ಅಕ್ಷರ ಓದಿ."

"ವಿ... ವಾ..." ಹಾಜಿಯವರ ಬಾಯಿ ಅಲ್ಲೇ ನಿಂತಿತು. "ದ."

ಅಣ್ಣ ಲ್ಯಾಪ್‌ಟಾಪಿನ ಕಡೆ ಓಡಿ ಬಂದು ಆ ಸಾಲನ್ನು ಗಟ್ಟಿಯಾಗಿ ಓದಿದರು. "ನನ್ನ ಮಗಳ ವಿವಾದಕ್ಕೆ ತಾವೆಲ್ಲರೂ ಕುಟುಂಬ ಸಮೇತ ಬಂದು ಪಾಲ್ಗೊಳ್ಳಬೇಕಾಗಿ ವಿನಂತಿ." ಓದಿ ಕುರ್ಚಿಯಲ್ಲಿ ಕುಸಿದು ಕೂತರು. "ಯಾ ಅಲ್ಲಾ! ಸಾವಿರ ಮನೆಗೆ ಹೋಗ್ತಿತ್ತಲ್ಲ ಇದು. ಬೀಗರ ಮನೆಗೂ!" ಎಂದವರು ಹೊಟ್ಟೆ ಹಿಡಿದು ನಗಲಿಕ್ಕೆ ಶುರು ಮಾಡಿದರು. ನಾವೂ ನಕ್ಕೆವು. ಹಾಜಿಯವರು ನಗುತ್ತಿದ್ದರಾ ಅಳುತ್ತಿದ್ದರಾ ಗೊತ್ತಾಗಲಿಲ್ಲ.

"ನಾವು ಮೂರು ಜನ ಓದಿದೆವಲ್ಲ ಮೊಳೆಯಣ್ಣ, ನಮಗೆ ಯಾಕೆ ಕಾಣಲಿಲ್ಲ?" ಎಂದು ನಾನು ಕೇಳಿದೆ.

"ಅಕ್ಷರ ನೇರ ಇದ್ದರೆ ಕಣ್ಣು ಓಡ್ತದೆ ಟೀಚರ್" ಎಂದರು ಮೊಳೆಯಣ್ಣ. "ತಿರುಗಿದ್ದರೆ ನಡೀತದೆ. ನಡೆದುಕೊಂಡು ಹೋಗುವವನಿಗೇ ಕಲ್ಲು ಕಾಣುವುದು."

ಇಷ್ಟು ದೊಡ್ಡ ಮಾತನ್ನು ಚಾ ಬೇಕಾ ಎಂದು ಕೇಳುವ ಹಾಗೆ ಹೇಳಿದರು. ನನಗಾದರೆ ಅವರ ಕಾಲಿಗೆ ಬೀಳುವ ಅನ್ನಿಸಿತು. ಗಲ್ಫಿನ ಅಣ್ಣ ಎದ್ದು ಮೊಳೆಯಣ್ಣನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ತಮ್ಮನ ಕಡೆ ತಿರುಗಿ, "ಗುಜರಿಯವನಿಗೆ ಬರ್ಬೇಡ ಅಂತ ಹೇಳು. ಇವರು ಸಾಕು ಅನ್ನುವವರೆಗೆ ಇಲ್ಲೇ. ಆ ಕುರ್ಚಿಯನ್ನು ಕೂಡ ಯಾರೂ ಅಲ್ಲಾಡಿಸ್ಬೇಡಿ" ಎಂದರು.

ಒಂದು ವಾರ ಕಳೆದು, ಸರಿಯಾದ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡು, ಆ ಪರದೆಯನ್ನು ನೇರ ಮಾಡಿ ಬರುವ ಎಂದು ಮೂಡುಬಿದಿರೆಗೆ ಹೋದೆ. ಮಧ್ಯಾಹ್ನ, ಇಬ್ಬರೂ ಊಟಕ್ಕೆ ಹೋಗಿದ್ದರು. ಎಲ್ಲಿ ಮರೆತುಬಿಡ್ತದೋ ಎಂದು ಕಂಪ್ಯೂಟರನ್ನು ಆರಿಸದೆಯೇ ಇಟ್ಟಿದ್ದರು, ದೊಡ್ಡ ಪರದೆಯ ಅಕ್ಷರಗಳು ಇನ್ನೂ ತಿರುಗಿಯೇ ಇದ್ದವು. ಮಾನಿಟರಿನ ಹಣೆಗೆ ಒಂದು ಚೀಟಿ ಅಂಟಿಸಿತ್ತು, ಮೊಳೆಯಣ್ಣನ ದುಂಡು ಅಕ್ಷರ. ಓದಲಿಕ್ಕೆ ನೋಡಿದೆ, ಆಗಲಿಲ್ಲ. ಚೀಟಿ ತಿರುಗಿಸಿದೆ, ಆಗಲಿಲ್ಲ. ಅವರು ಹೇಳಿಕೊಟ್ಟ ಹಾಗೆ ಮಂಡೆ ತಿರುಗಿಸಿದೆ, ಕುತ್ತಿಗೆ ನೋವಾಯಿತು. ಕಡೆಗೆ ಚೀಲದಿಂದ ಮುಖ ನೋಡುವ ಕನ್ನಡಿ ತೆಗೆದು ಎದುರು ಹಿಡಿದೆ.

"ಟೀಚರ್, ಇದು ಸರಿ ಉಂಟು. ರಿಪೇರಿ ಮಾಡ್ಬೇಡಿ."